ಕಾವೇರಿ ಡಬ್ಬಿ, ಬೋರ್ ಡಬ್ಬಿ

ಪೀಣ್ಯದಲ್ಲಿ ಒಂದು ಬುಟ್ಟಿ ಒಳ್ಳೆಯ ಮಣ್ಣು ಹುಡುಕಿ ನೋಡಿ, ಆಗ ಗೊತ್ತಾಗುತ್ತದೆ ನಮ್ಮ ಪಾಡು. ಶಾಲೆಯ ಹಿತ್ತಿಲಲ್ಲಿ ಹಾರೆ ಹಾಕಿದರೆ ಮೊದಲು ಸಿಕ್ಕಿದ್ದು ಜಲ್ಲಿ, ಆಮೇಲೆ ಒಡೆದ ಸಿಮೆಂಟ್ ಇಟ್ಟಿಗೆ, ಅದರ ಕೆಳಗೆ ಲೇತ್ ಮೆಷೀನು ಕೆರೆದು ಬಿಸಾಡಿದ ಕಬ್ಬಿಣದ ಸುರುಳಿ. ಏಳನೇ ತರಗತಿಯ ಮಕ್ಕಳು ಅದನ್ನೆಲ್ಲ ಬಾಂಡಲಿಯಲ್ಲಿ ತುಂಬಿ ಹೊರಗೆ ಸಾಗಿಸುವಷ್ಟರಲ್ಲಿ ಜೂನ್ ಮುಗಿದು ಆಷಾಢದ ಗಾಳಿ ಶುರುವಾಗಿತ್ತು. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ಆ ಗಾಳಿಗೆ ರಸ್ತೆಯ ಧೂಳೆಲ್ಲ ಬಂದು ನಮ್ಮ ತಲೆಯ ಮೇಲೇ ಕೂರುತ್ತಿತ್ತು.

ನಾನು ಆ ಸರ್ಕಾರಿ ಶಾಲೆಯ ವಿಜ್ಞಾನದ ಟೀಚರು. ತೋಟ ಹುಟ್ಟಿದ್ದೇ ನನ್ನ ಸಿಟ್ಟಿನಿಂದ. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಬೇರಿನ ಕೆಲಸವೇನು ಎಂದು ಕೇಳಿದ್ದೆ. ಇಡೀ ತರಗತಿ ಗೈಡಿನಲ್ಲಿದ್ದ ಉತ್ತರವನ್ನು ಚಾಚೂ ತಪ್ಪದೆ ಬರೆದಿತ್ತು, ಗೈಡಿನ ಅಚ್ಚಿನ ತಪ್ಪನ್ನೂ ಸೇರಿಸಿ. ಮೈಯೆಲ್ಲ ಉರಿದುಹೋಯಿತು. ಬೇರು ಹೇಗಿರುತ್ತದೆ ಎಂದು ಕಿತ್ತು ನೋಡದ ಮಕ್ಕಳಿಗೆ ನಾನು ಇನ್ನೆಷ್ಟು ವರ್ಷ ಬೇರಿನ ಪಾಠ ಬಾಯಿಪಾಠ ಮಾಡಿಸಲಿ? ಶಾಲೆಯ ಹಿಂಬದಿಯ ಗೋಡೆಗೂ ಪಕ್ಕದ ಕಾರ್ಖಾನೆಯ ಕಾಂಪೌಂಡಿಗೂ ನಡುವೆ ಉದ್ದನೆಯ ಜಾಗ ಹಾಳು ಬಿದ್ದಿತ್ತು. ಈ ವರ್ಷ ಪಾಠ ಇಲ್ಲೇ ಎಂದು ಹಟ ಹಿಡಿದೆ. ಮಕ್ಕಳಿಗೆ ಒಂದೇ ಒಂದು ಕಟ್ಟಳೆ ಹಾಕಿದೆ: ಕಣ್ಣಿಗೆ ಕಂಡಿದ್ದನ್ನು ಮಾತ್ರ ಹೇಳಬೇಕು, ಪುಸ್ತಕದಲ್ಲಿದೆ ಎಂದು ಹೇಳುವಂತಿಲ್ಲ.

ಎಚ್.ಎಂ. ಮೇಡಂ ಬೇಡವೆನ್ನಲಿಲ್ಲ, ಬೇಕು ಎನ್ನಲೂ ಇಲ್ಲ. “ಮಾಡ್ಕೊಳ್ಳಿ, ಆದ್ರೆ ಯಾವ ಮಗೂಗಾದ್ರೂ ಹಾರೆ ತಾಗಿದ್ರೆ ನನ್ನ ಹತ್ರ ಬರ್ಬೇಡಿ” ಎಂದರು.

ಒಂದು ಲೋಡು ಕೆಮ್ಮಣ್ಣು ತರಿಸಿದೆವು. ಹಳೇ ಊರಿನ ಕಡೆ ಇನ್ನೂ ಹಸು ಕಟ್ಟಿಕೊಂಡಿದ್ದವರ ಮನೆಯಿಂದ ಕೊಟ್ಟಿಗೆ ಗೊಬ್ಬರ ಬಂತು. ಎರಡನ್ನೂ ಬೆರೆಸಿ, ನಡೆಯಲು ದಾರಿ ಬಿಟ್ಟು ಮಡಿ ಮಾಡಿದೆವು. ದಂಟು, ಹರಿವೆ, ಮೆಂತ್ಯ, ಮೂಲಂಗಿ ಹಾಕಿದೆವು. ಮೆಂತ್ಯವನ್ನು ನೆನೆಹಾಕಿ ಬಿತ್ತಬೇಕು, ಹರಿವೆ ಬೀಜವನ್ನು ಮರಳಿನ ಜೊತೆ ಬೆರೆಸಿ ಉದುರಿಸಬೇಕು, ಇಲ್ಲವಾದರೆ ಒಂದೇ ಕಡೆ ರಾಶಿ ಬೀಳುತ್ತದೆ ಎಂಬುದನ್ನೆಲ್ಲ ಮಕ್ಕಳು ಕೈಯಲ್ಲೇ ಕಲಿತರು.

ತರಗತಿಯ ಹುಡುಗಿಯರಲ್ಲಿ ಇಬ್ಬರ ಮಾತು ಇಲ್ಲಿ ಬರುತ್ತದೆ. ಒಬ್ಬಳು ಆಟೋ ಡ್ರೈವರನ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಬಾಯಿ ಬೊಂಬಾಯಿ. ಇನ್ನೊಬ್ಬಳು ಯಾದಗಿರಿ ಕಡೆಯವಳು. ಅಪ್ಪ ಅಮ್ಮ ಕೆಲಸ ಹುಡುಕಿಕೊಂಡು ಬಂದಾಗ ಅವಳು ನಾಲ್ಕನೇ ತರಗತಿಗೆ ಸೇರಿದ್ದಳಂತೆ. ಅವಳ ಮಾತಿನ “ರೀ” ಕೇಳಿ ಉಳಿದವರು ನಗುತ್ತಿದ್ದರು, ಅದಕ್ಕೇ ಅವಳು ಬಾಯಿ ಬಿಡುತ್ತಿದ್ದುದೇ ಕಡಿಮೆ. ತೋಟ ಶುರುವಾದ ಮೇಲೆ ಇಬ್ಬರೂ ಹೇಗೋ ಜೋಡಿಯಾದರು. ಯಾದಗಿರಿಯ ಹುಡುಗಿ ಮಾಡುತ್ತಿದ್ದಳು, ಆಟೋದವನ ಮಗಳು ಮಾತಾಡುತ್ತಿದ್ದಳು.

“ಮಿಸ್, ಇವ್ಳು ಮೆಂತ್ಯ ಸೊಪ್ಪನ್ನ ಹಸೀದೇ ತಿಂತಾಳೆ ಮಿಸ್! ಮೇಕೆ ಥರ!” ಎಂದು ಒಂದು ಬೆಳಗ್ಗೆ ಬೊಬ್ಬೆ ಹಾಕಿದಳು.

“ರೊಟ್ಟಿ ಜೊತಿ ಹಂಗೇ ತಿನ್ನೂದ್ರಿ ಟೀಚರ್,” ಎಂದಳು ಇವಳು ನಾಚಿಕೊಂಡು. “ನಮ್ಮ ಕಡಿ ಎಲ್ಲಾರೂ ತಿಂತಾರ. ಮೂಲಂಗಿ ಎಲೀನೂ ತಿಂತಾರ್ರಿ.”

ನಮ್ಮ ಕುಣಿಗಲ್ ಕಡೆ ಸೊಪ್ಪೆಂದರೆ ಬೇಯಿಸಿ ಬಸಿದು ಬಸ್ಸಾರು ಮಾಡಬೇಕು. ಹಸಿ ಮೆಂತ್ಯ ನನಗೂ ಹೊಸದೇ. ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡೆ, ಕಹಿ. ಆದರೆ ಅವತ್ತು ಮೊದಲ ಸಲ ಆ ಹುಡುಗಿ ತರಗತಿಯ ನಡುವೆ ನಿಂತು, ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಎಂಬ ಕಡಲೆಕಾಯಿ ಚಟ್ನಿಪುಡಿ ಹಚ್ಚಿ, ಸೊಪ್ಪನ್ನು ಕಡ್ಡಿ ಸಮೇತ ಮಡಚಿ ಹೇಗೆ ತಿನ್ನಬೇಕು ಎಂದು ಕೈಯಾಡಿಸಿ ತೋರಿಸಿದಳು. ಯಾರೂ ನಗಲಿಲ್ಲ. ಮಾರನೆಯ ದಿನ ಅವಳ ಡಬ್ಬಿಯ ರೊಟ್ಟಿಗೆ ಕೈಗಳು ಮುಗಿಬಿದ್ದವು, ತೋಟದ ಮೆಂತ್ಯಕ್ಕೂ. ನಮ್ಮಲ್ಲಿ ಬಿಸಿಯೂಟ ವ್ಯಾನಿನಲ್ಲಿ ಡ್ರಮ್ಮು ತುಂಬಿ ಬರುತ್ತಿತ್ತು, ಶಾಲೆಯಲ್ಲಿ ಒಲೆಯೇ ಇರಲಿಲ್ಲ. ಹಾಗಾಗಿ ತೋಟದ ಸೊಪ್ಪು ಒಂದೋ ಮನೆಗೆ ಹೋಗುತ್ತಿತ್ತು, ಇಲ್ಲವೇ ಮಡಿಯ ಪಕ್ಕದಲ್ಲೇ ಮಕ್ಕಳ ಹೊಟ್ಟೆಗೆ ಹೋಗುತ್ತಿತ್ತು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ.

ನೀರಿನ ವಿಚಾರ ಹೇಳಬೇಕು. ಕಾವೇರಿ ನೀರು ಮೂರು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು, ಅದು ಕುಡಿಯಲಿಕ್ಕೆಂದು ನೆಲದಡಿಯ ಸಂಪ್ ತೊಟ್ಟಿಗೆ ಹೋಗುತ್ತಿತ್ತು. ತೋಟಕ್ಕೆ ಹಿತ್ತಿಲ ಮೂಲೆಯ ಕೈಪಂಪಿನ ಬೋರ್ ನೀರು. ಅಟೆಂಡರ್ ಮಾತ್ರ, “ಆ ನೀರು ಕಕ್ಕಸಿಗೆ ಸರಿ ಮಿಸ್, ಬಟ್ಟೆಗೂ ಹಾಕಲ್ಲ ಯಾರೂ” ಎಂದಿದ್ದ. ಗಡಸು ನೀರಿರಬೇಕು, ಸೋಪು ನೊರೆ ಬರುವುದಿಲ್ಲ ಎಂದುಕೊಂಡೆ. ಬಕೆಟ್ಟಿನಲ್ಲಿ ನೋಡಿದರೆ ಅಷ್ಟೇನೂ ಗೊತ್ತಾಗದ ತೆಳು ಹಳದಿ. ಕಬ್ಬಿಣದ ಅಂಶ ಇರುತ್ತದೆ ಎಂದು ಮಕ್ಕಳಿಗೆ ನಾನೇ ಹೇಳಿದೆ.

ಮೊದಲ ಮಳೆಗಳು ಇದ್ದಷ್ಟು ದಿನ ಎಲ್ಲ ಚೆನ್ನಾಗಿತ್ತು. ಮಳೆ ಬಿಡುವು ಕೊಟ್ಟಿತು, ಪಂಪಿನ ನೀರೇ ಗತಿಯಾಯಿತು, ಆಗ ತೊಂದರೆ ಶುರುವಾಯಿತು. ಹರಿವೆಯ ಎಲೆ ಅಂಚಿನಿಂದ ಸುಟ್ಟಂತೆ ಒಣಗತೊಡಗಿತು. ಮೂಲಂಗಿ ಮೇಲೆ ಸೊಪ್ಪು ಬಿಟ್ಟು ಕೆಳಗೆ ಬೆರಳಿನಷ್ಟೂ ದಪ್ಪವಾಗಲಿಲ್ಲ. ಕಿತ್ತು ನೋಡಿದರೆ ಬೇರಿನ ಕೂದಲುಗಳೇ ಇಲ್ಲ, ತುದಿ ಕಂದಾಗಿ ಮೊಂಡಾಗಿದೆ. ಸಾರಜನಕ ಸಾಲದು ಎಂದು ಇನ್ನಷ್ಟು ಗೊಬ್ಬರ ಹಾಕಿಸಿದೆ. ಬಿಸಿಲು ಜಾಸ್ತಿ, ನೀರು ಸಾಲದು ಎಂದು ಸಂಜೆಯೂ ನೀರು ಹಾಕಿಸಿದೆ. ಅಯ್ಯೋ ನನ್ನ ಬುದ್ಧಿಯೇ! ಯಾವುದರಿಂದ ಸಾಯುತ್ತಿತ್ತೋ ಅದನ್ನೇ ಎರಡು ಹೊತ್ತು ಕುಡಿಸಿದೆ.

ಆಗ ಯಾದಗಿರಿಯ ಹುಡುಗಿ ಕೇಳಿದ ಪ್ರಶ್ನೆಯಿಂದ ಎಲ್ಲ ತಿರುಗಿತು. ಶಾಲೆಯ ಮುಂದೆ ತುಳಸಿ ಕುಂಡವಿತ್ತು. ಅಟೆಂಡರ್ ಅದಕ್ಕೆ ಕುಡಿಯುವ ನೀರಿನ ಹೂಜಿ ತೊಳೆದ ನೀರು ಹಾಕುತ್ತಿದ್ದ.

“ಟೀಚರ್ ರೀ, ತುಳಸಿ ಯಾಕ ಚಲೋ ಐತಿ? ಮಣ್ಣು ಅದೂ ನಮ್ಮದ ಐತಲ್ರಿ,” ಎಂದಳು. ಹೌದು, ನಮ್ಮ ಲೋಡಿನ ಮಣ್ಣನ್ನೇ ಅದಕ್ಕೂ ತುಂಬಿದ್ದೆವು.

ಉತ್ತರ ನಾನು ಹೇಳಲಿಲ್ಲ. ಗೊತ್ತೂ ಇರಲಿಲ್ಲ. “ನೋಡೋಣ, ಹೇಗೆ ನೋಡೋದು ನೀವೇ ಹೇಳಿ” ಎಂದೆ. ನನ್ನ ಕೆಲಸದ ಬದುಕಿನಲ್ಲಿ ಅದರ ನಂತರದ ಕೆಲವು ವಾರಗಳಂಥ ಪಾಠ ಮತ್ತೆ ನಡೆಯಲಿಲ್ಲ. ಖಾಲಿ ಪೇಂಟ್ ಡಬ್ಬಿಗಳನ್ನು ತಂದು ತಳಕ್ಕೆ ಮೊಳೆಯಿಂದ ತೂತು ಹೊಡೆದರು. ಒಂದೇ ರಾಶಿಯಿಂದ ಮಣ್ಣು ಅಳೆದು ತುಂಬಿದರು. ಒಂದೇ ಪೊಟ್ಟಣದ ಹರಿವೆ ಬೀಜ. ಅರ್ಧ ಡಬ್ಬಿಗಳಿಗೆ ಕಾವೇರಿ ನೀರು, ಅರ್ಧಕ್ಕೆ ಬೋರ್ ನೀರು, ಎರಡಕ್ಕೂ ಅದೇ ಲೋಟ, ಪ್ರಾರ್ಥನೆ ಮುಗಿದ ಕೂಡಲೇ. ಡಬ್ಬಿಗಳನ್ನು ವರಾಂಡದ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಆಗ ಆಟೋದವನ ಮಗಳೇ ತಗಾದೆ ತೆಗೆದಳು: “ಮಿಸ್, ಆ ತುದೀಲಿ ಬಿಸ್ಲು ಜಾಸ್ತಿ, ಈ ತುದೀಲಿ ಕಂಬದ ನೆರಳು ಬೀಳುತ್ತೆ. ಇದು ಮೋಸ ಆಗಲ್ವಾ?”

ನನಗೆ ಅವಳನ್ನು ಎತ್ತಿ ಮುದ್ದಾಡಬೇಕೆನಿಸಿತು. “ಹಂಗಾದ್ರೆ ಏನ್ ಮಾಡ್ತೀಯ?”

“ದಿನಾ ಜಾಗ ಬದಲಾಯಿಸ್ತೀನಿ. ಇವತ್ತು ಆ ಕಡೆ ಇದ್ದಿದ್ದು ನಾಳೆ ಈ ಕಡೆ.”

ಆ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಜ್ವರ ಬಂದ ದಿನವೂ ಅಪ್ಪನ ಆಟೋದಲ್ಲಿ ಬಂದು, ಡಬ್ಬಿ ಬದಲಿಸಿ, ಅದೇ ಆಟೋದಲ್ಲಿ ಮನೆಗೆ ಹೋದಳು. ಮೊದಲ ಸಲದ ಪ್ರಯೋಗ ಕೆಟ್ಟಿತು. ದಸರಾ ರಜೆಯಲ್ಲಿ ಅಟೆಂಡರ್, ಪಾಪ, ಪುಣ್ಯ ಬರಲೆಂದು ಎಲ್ಲ ಡಬ್ಬಿಗೂ ಬೋರ್ ನೀರೇ ಹೊಯ್ದುಬಿಟ್ಟಿದ್ದ, ಎಲ್ಲವೂ ಸುಟ್ಟುಹೋಗಿದ್ದವು. ಮಕ್ಕಳು ಅವನ ಮೇಲೆ ಕೂಗಾಡಿ, ಮಣ್ಣು ಚೆಲ್ಲಿ, ಹೊಸ ಮಣ್ಣು ತುಂಬಿ ಮೊದಲಿನಿಂದ ಬಿತ್ತಿದರು. ಎರಡನೆಯ ಸಲ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಕಾವೇರಿ ಡಬ್ಬಿಯ ಹರಿವೆ ಗೇಣುದ್ದ ಬಂದು ಕೆಂಪಗೆ ನಳನಳಿಸುತ್ತಿತ್ತು. ಬೋರ್ ಡಬ್ಬಿಯದು ನಾಲ್ಕೆಲೆಗೇ ನಿಂತು ಅಂಚು ಸುಟ್ಟುಕೊಂಡಿತ್ತು. ಮೂರನೆಯ ಸಲವೂ ಹಾಗೇ.

ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ನನ್ನ ಗೆಳತಿಯೊಬ್ಬಳಿಗೆ ಆ ನೀರನ್ನು ಬಾಟಲಿಯಲ್ಲಿ ತೆಗೆದುಕೊಂಡು ಹೋಗಿ ಕೊಟ್ಟೆ. ಅವಳು ಪ್ರನಾಳದಲ್ಲಿ ಸ್ವಲ್ಪ ನೀರು ಹಾಕಿ, ಆಮ್ಲ ಬೆರೆಸಿ, ಯಾವುದೋ ದ್ರಾವಣದ ಎರಡು ಹನಿ ಬಿಟ್ಟಳು. ನೀರು ನೇರಳೆ ಬಣ್ಣಕ್ಕೆ ತಿರುಗಿತು. ನೋಡಲು ಬಲು ಚೆಂದವಾಗಿತ್ತು. ಅವಳ ಮುಖ ಮಾತ್ರ ಚೆಂದವಿರಲಿಲ್ಲ.

“ಕ್ರೋಮಿಯಂ ಕಣೇ. ನಲ್ಲಿಗೆ, ಬಂಪರ್ರಿಗೆ ಹೊಳಪು ಬರ್ಸೋಕೆ ಲೇಪ ಹಾಕ್ತಾರಲ್ಲ ಪ್ಲೇಟಿಂಗ್ ಅಂತ, ಅದು. ತೋಟಕ್ಕಿರ್ಲಿ, ಕೈ ತೊಳೆಯೋಕೂ ಬೇಡ. ಮಕ್ಕಳು ಆ ಸೊಪ್ಪು ತಿಂದಿಲ್ಲ ತಾನೇ?”

ತಿಂದಿದ್ದರು, ಹಸಿಯಾಗಿಯೇ. ಬೇಯಿಸಿ ತಿಂದಿದ್ದರೆ ಏನಾದರೂ ಕಡಿಮೆಯಾಗುತ್ತಿತ್ತೇ ಎಂದು ಹುಚ್ಚಿಯಂತೆ ಕೇಳಿದೆ. ಲೋಹ ಬೇಯಿಸಿದರೆ ಹೋಗುತ್ತದೆಯೇ ಎಂದು ಅವಳು ನನ್ನನ್ನೇ ಕೇಳಿದಳು.

ಹಿಂಗಾರು ಮಳೆಗೆ ತೋಟ ಮತ್ತೆ ಹಸಿರಾಗಿತ್ತು, ಮಾರನೆಯ ದಿನ ಅದನ್ನು ಕೀಳಿಸಿದೆ. ಬೆಳೆಸಿದವರ ಕೈಯಲ್ಲೇ ಕೀಳಿಸಿದೆ. ಬೀದಿ ಹಸು ತಿನ್ನಬಾರದೆಂದು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿಸಿದೆ. ಕೆಲವರು ಅತ್ತರು. ಒಬ್ಬ ತಾಯಿ ಗೇಟಿನ ಹತ್ತಿರ ನಿಂತು, “ನಾಲ್ಕು ನೀರಲ್ಲಿ ತೊಳೆದ್ರೆ ಹೋಗಲ್ವಾ ಮಿಸ್? ಇಷ್ಟೊಂದು ಸೊಪ್ಪು!” ಎಂದು ಹೊಟ್ಟೆ ಉರಿದುಕೊಂಡಳು. ಯಾದಗಿರಿಯ ಹುಡುಗಿ ಅಳಲಿಲ್ಲ. ಮೆಂತ್ಯದ ಮಡಿಯನ್ನು ತಾನೊಬ್ಬಳೇ ಕಿತ್ತಳು.

ಕೈಪಂಪಿಗೆ ಬೀಗ ಹಾಕಿಸಿ, ಸಂಬಂಧಪಟ್ಟ ಕಚೇರಿಗೆ ತಿಳಿಸಿದೆ. ಒಬ್ಬರು ಬಂದು ಬಾಟಲಿಗೆ ನೀರು ತುಂಬಿಕೊಂಡರು. “ಮೇಡಂ, ಈ ಏರಿಯಾದಲ್ಲಿ ಬೋರುಗಳ ಕಥೆ ಸುಮಾರಾಗಿ ಹಿಂಗೇ. ಇಷ್ಟೊಂದು ಪ್ಲೇಟಿಂಗ್ ಯೂನಿಟ್ಟಿವೆ. ಯಾರದ್ದು ಅಂತ ಹೇಳೋದು? ನೀರಿನ ಮೇಲೆ ಹೆಸರು ಬರೆದಿರುತ್ತಾ?” ಎಂದು ನಕ್ಕು ಹೋದರು. ಹೋದವರು ಹೋದರು.

ನನಗೆ ಉಳಿದಿದ್ದು ಒಂದೇ ಹಟ. ಮಕ್ಕಳು ಕಂಡುಹಿಡಿದಿದ್ದನ್ನು ಮಕ್ಕಳ ಬಾಯಲ್ಲೇ ನಾಲ್ಕು ಜನರ ಮುಂದೆ ಹೇಳಿಸಬೇಕು. ಜನವರಿಯಲ್ಲಿ ಶಾಲೆಯ ವಿಜ್ಞಾನ ಪ್ರದರ್ಶನವಿತ್ತು. ಸುತ್ತಲ ವಠಾರದ ತಂದೆ ತಾಯಿಯರೆಲ್ಲ ಬರುತ್ತಾರೆ. ಅವರ ಮನೆಗಳಲ್ಲೂ ಇದೇ ಬೋರ್ ನೀರು. ಟೀಚರು ಹೇಳಿದರೆ ಕೇಳದವರು ಮಕ್ಕಳು ಎರಡು ಡಬ್ಬಿ ಎತ್ತಿ ತೋರಿಸಿದರೆ ಕೇಳಿಯಾರು ಎಂಬ ಆಸೆ.

ಎಚ್.ಎಂ. ಮೇಡಂ ಬಾಗಿಲು ಮುಂದೆ ಮಾಡಿ ಕೂತರು. “ಚೀಫ್ ಗೆಸ್ಟ್ ಯಾರು ಗೊತ್ತಾ? ಪಕ್ಕದ ಫ್ಯಾಕ್ಟರಿ ಯಜಮಾನ್ರು. ಬೆಂಚು ಕೊಟ್ಟೋರು ಅವರು. ಹೆಣ್ಮಕ್ಕಳಿಗೆ ಟಾಯ್ಲೆಟ್ ಕಟ್ಟಿಸ್ಕೊಡ್ತೀನಿ ಅಂದಿದ್ದಾರೆ. ಅವ್ರದ್ದೇ ಪ್ಲೇಟಿಂಗ್ ಸೆಕ್ಷನ್ನು ನಮ್ಮ ಗೋಡೆ ಆಚೆ. ನೀವು ಅವ್ರ ಮುಂದೆ ಈ ಡಬ್ಬಿ ಇಡ್ತೀರಾ?”

“ಅವ್ರದ್ದು ಅಂತ ನಾನೆಲ್ಲಿ ಅಂದೆ ಮೇಡಂ? ಅವ್ರದ್ದೋ ಬೇರೆಯವರದ್ದೋ ನನಗೇನು ಗೊತ್ತು? ಈ ನೀರು ಹಾಕಿದ್ರೆ ಗಿಡ ಹಿಂಗಾಯ್ತು. ಅಷ್ಟೇ ಹೇಳೋದು.”

ಜಗಳ ಎರಡು ದಿನ ನಡೆಯಿತು. ಟಾಯ್ಲೆಟ್ ಬೇಡವೇ ಎಂದು ಅವರು, ಮಕ್ಕಳ ಕಣ್ಣು ಕಟ್ಟಬೇಕೇ ಎಂದು ನಾನು. ಅವರದ್ದೂ ಸುಳ್ಳಲ್ಲ. ಹೊಟ್ಟೆ ನೋವು ಎಂದು ಮಧ್ಯಾಹ್ನಕ್ಕೇ ಮನೆಗೆ ಓಡುತ್ತಿದ್ದ ದೊಡ್ಡ ಹುಡುಗಿಯರನ್ನು ನಾನೂ ಕಂಡವಳೇ. ಕೊನೆಗೆ ರಾಜಿಯಾಯಿತು. ಡಬ್ಬಿಗಳ ಮೇಲೆ ‘ಅ’, ‘ಆ’ ಎಂದಷ್ಟೇ ಇರಬೇಕು. ಚಾರ್ಟಿನಲ್ಲಿ ಬೋರು, ಕ್ರೋಮಿಯಂ ಎಂಬ ಮಾತು ಬರಬಾರದು. ಬಾಯಲ್ಲಿ ಏನು ಹೇಳಿಕೊಂಡರೂ ಅದು ನನ್ನ ತಲೆಯ ಮೇಲೆ. ಸರಿ, ಆಗಲಿ ಎಂದೆ.

ವಿವರಿಸುವುದು ಯಾದಗಿರಿಯ ಹುಡುಗಿ ಎಂದು ಮಕ್ಕಳೇ ಆರಿಸಿದ್ದರು. ಪ್ರಶ್ನೆ ಕೇಳಿದವಳು ಅವಳು, ನ್ಯಾಯವೇ. ಅವಳು ಅಭ್ಯಾಸ ಶುರು ಮಾಡಿದ ಮೂರನೆಯ ದಿನ ಅವಳ ಅಪ್ಪ ಬಂದ. ಶಿಫ್ಟು ಮುಗಿಸಿ ನೇರ ಬಂದಿದ್ದ. ಬೆರಳ ಸಂದುಗಳು ಹಳದಿಯಾಗಿ, ಚರ್ಮ ಒಡೆದು ಗಾಯವಾಗಿತ್ತು. ಒಳಗೆ ಕರೆದರೂ ಬಾಗಿಲಲ್ಲೇ ನಿಂತ.

“ಅಕ್ಕೋರ, ನಾ ಅಲ್ಲೇ ದುಡೀತೀನ್ರಿ,” ಎಂದು ಗೋಡೆಯಾಚೆ ಕೈ ತೋರಿಸಿದ. “ಪ್ಲೇಟಿಂಗ್‌ನಾಗ. ಸಾವ್ಕಾರ್ರು ಬರ್ತಾರಂತ ನಿಮ್ಮ ಫಂಕ್ಷನ್‌ಗೆ. ನಮ್ಮ ಹುಡುಗಿ ನೀರಿಂದು ಮಾತಾಡ್ತಾಳಂತ ಕೇಳಿದೆ.”

“ಅವರ ಹೆಸರು ಎತ್ತಲ್ಲ. ಗಿಡದ ಬಗ್ಗೆ ಅಷ್ಟೇ ಹೇಳ್ತಾಳೆ,” ಎಂದೆ.

“ಎತ್ತಬೇಕಾಗಿಲ್ರಿ. ಅವರಿಗೆ ತಿಳೀತದ. ಕೆಲ್ಸನೂ ಅವರದ, ನಾವು ಇರೂ ಖೋಲಿನೂ ಅವರ ಕೊಟ್ಟಿದ್ದು. ಒಂದ ಮಾತಿಗೆ ಎರಡೂ ಹೋಗ್ತಾವ. ಊರಿಗೆ ಹೋದ್ರ ಇಕಿ ಸಾಲಿ ಬಿಡಸೂದ ಆಗ್ತದ್ರಿ.”

ನನಗೆ ರೇಗಿತು. ಯಾರ ಮೇಲೆ ರೇಗಬೇಕೋ ಅವರು ಎದುರಿಗಿರಲಿಲ್ಲ, ಇವನಿದ್ದ. “ನಿಮ್ಮ ಮಗಳು ಆ ಸೊಪ್ಪನ್ನ ಹಸೀದೇ ತಿಂದಿದ್ದಾಳೆ. ಗೊತ್ತಾ ನಿಮಗೆ? ನಿಮ್ಮ ಕೈ ನೋಡ್ಕೊಳ್ಳಿ!” ಎಂದು ಕೂಗಿಬಿಟ್ಟೆ.

ಅವನು ಕೈ ನೋಡಿಕೊಳ್ಳಲಿಲ್ಲ. “ಗೊತ್ತದರಿ ಅಕ್ಕೋರ,” ಎಂದ. “ಮನ್ಯಾಗೂ ಅದ ನೀರ ಐತ್ರಿ.”

ನಾನು ದನಿ ಇಳಿಸಿ, “ಅವಳ ಬದಲು ಬೇರೆ ಹುಡುಗಿ ಮಾತಾಡ್ತಾಳೆ. ನಿಮ್ಮ ಮಗಳು ಹಿಂದೆ ನಿಂತಿರ್ತಾಳೆ, ಬಾಯಿ ಬಿಡೋದು ಬೇಡ. ಆಯ್ತಾ?” ಎಂದೆ. ಅವನು ಕೈ ಮುಗಿದ. ಆಟೋದವನ ಮಗಳಿಗೆ ಅಭ್ಯಾಸ ಮಾಡಿಸಿದೆ. ಕಾರಣ ಹೇಳಲಿಲ್ಲ, ಗೆಳತಿಗೆ ಗಂಟಲು ಕಟ್ಟಿದೆ ಎಂದೆ. ಇಬ್ಬರನ್ನೂ ಉಳಿಸುವ ಉಪಾಯ ಹೂಡಿದ್ದೇನೆ, ಮಾತೂ ಹೊರಬರುತ್ತದೆ, ಖೋಲಿಯೂ ಉಳಿಯುತ್ತದೆ ಎಂದು ಒಳಗೊಳಗೇ ಬೀಗಿದೆ.

ಪ್ರದರ್ಶನದ ದಿನ ಶಾಮಿಯಾನ ಹಾಕಲು, ಕುರ್ಚಿ ಜೋಡಿಸಲು ಯಜಮಾನರು ತಮ್ಮ ಕಾರ್ಖಾನೆಯ ಆಳುಗಳನ್ನೇ ಕಳಿಸಿದ್ದರು. ಅವರಲ್ಲಿ ಹುಡುಗಿಯ ಅಪ್ಪನೂ ಇದ್ದ. ವಠಾರದವರೆಲ್ಲ ಬಂದಿದ್ದರು. ಯಜಮಾನರು ಕೆಟ್ಟ ಮನುಷ್ಯರಂತೆ ಕಾಣಲಿಲ್ಲ, ಹಾಗೆ ಕಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಬಿಳಿ ಶರ್ಟು, ವಿಭೂತಿ, ಎಲ್ಲ ಮಕ್ಕಳ ತಲೆ ಸವರುತ್ತ, ಜ್ವಾಲಾಮುಖಿ ಮಾಡಿದ ಹುಡುಗನ ಸೋಡಾ ಮೈಮೇಲೆ ಸಿಡಿದರೂ ನಗುತ್ತ ಬಂದರು. ಜೊತೆಗೆ ಇಲಾಖೆಯ ಅಧಿಕಾರಿಯೊಬ್ಬರು, ಹಿಂದೆ ನಮ್ಮ ಎಚ್.ಎಂ. ಮೇಡಂ.

ನಮ್ಮ ಮೇಜಿನ ಮುಂದೆ ನಿಂತರು. ಆಟೋದವನ ಮಗಳು ಎದೆ ಉಬ್ಬಿಸಿ, “ಎಲ್ಲರಿಗೂ ನಮಸ್ಕಾರ. ನಾವು ಒಂದು ಪ್ರಯೋಗ ಮಾಡಿದೆವು. ಒಂದೇ ಮಣ್ಣು, ಒಂದೇ ಬೀಜ...” ಎಂದು ಶುರು ಮಾಡಿದಳು. ಯಜಮಾನರ ಕಣ್ಣು ಹಿಂದೆ ನಿಂತಿದ್ದವಳ ಮೇಲೆ ಬಿತ್ತು.

“ಏ ಪುಟ್ಟಿ, ನೀನು ನಮ್ಮ ಪ್ಲೇಟಿಂಗ್‌ನವನ ಮಗಳಲ್ವೇನಮ್ಮ? ಯಾಕೆ ಹಿಂದೆ ಅವಿತ್ಕೊಂಡಿದೀಯ? ಬಾ ಮುಂದೆ. ನಾಚ್ಕೋಬಾರ್ದು. ಇವಳು ಬೇಡ, ನೀನು ಹೇಳು, ಕೇಳೋಣ.” ಎಂದು ಪ್ರೀತಿಯಿಂದಲೇ ಅವಳ ಭುಜ ಹಿಡಿದು ಮುಂದೆ ತಂದರು. ಅಪ್ಪ ಕುರ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಲ್ಲೇ ನಿಂತ.

“ಸಾರ್, ಅವಳಿಗೆ ಗಂಟಲು...” ಎಂದೆ. ನನ್ನ ಮಾತು ಮುಗಿಯಲಿಲ್ಲ. ಅವಳು ಬಾಯಿ ತೆರೆದಿದ್ದಳು. ಒಂದು “ರೀ” ಇಲ್ಲದ, ಅಚ್ಚ ಪುಸ್ತಕದ ಕನ್ನಡದಲ್ಲಿ ಹೇಳಿದಳು:

“‘ಅ’ ಗಿಡಕ್ಕೆ ಸೂರ್ಯನ ಬೆಳಕು ಸಾಕಷ್ಟು ದೊರೆತಿದೆ. ಆದ್ದರಿಂದ ಅದು ಚೆನ್ನಾಗಿ ಬೆಳೆದಿದೆ. ‘ಆ’ ಗಿಡಕ್ಕೆ ಸೂರ್ಯನ ಬೆಳಕು ಸಾಕಷ್ಟು ದೊರೆತಿಲ್ಲ. ಆದ್ದರಿಂದ ಅದು ಬಾಡಿದೆ. ಸಸ್ಯಗಳ ಬೆಳವಣಿಗೆಗೆ ಸೂರ್ಯನ ಬೆಳಕು ಅಗತ್ಯ ಎಂದು ಇದರಿಂದ ತಿಳಿಯುತ್ತದೆ.”

ಗೈಡಿನ ಉತ್ತರ. ಯಾರೂ ಹೇಳಿಕೊಟ್ಟಿರಲಿಲ್ಲ. ಅಧಿಕಾರಿ “ವೆರಿ ಗುಡ್, ಎಷ್ಟು ಸ್ಪಷ್ಟವಾಗಿ ಹೇಳಿದ್ಲು ನೋಡಿ” ಎಂದು ಚಪ್ಪಾಳೆ ತಟ್ಟಿದರು. ಸುತ್ತ ನಿಂತ ತಂದೆ ತಾಯಿಯರೂ ತಟ್ಟಿದರು. ಎಚ್.ಎಂ. ಮೇಡಂ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

“ಸುಳ್ಳು!” ಎಂದು ಆಟೋದವನ ಮಗಳು ಕಿರುಚಿದಳು. ಮುಖ ಕೆಂಪಾಗಿತ್ತು. “ಬಿಸಿಲು ಎರಡಕ್ಕೂ ಒಂದೇ ಸಾರ್! ದಿನಾ ನಾನೇ ಜಾಗ ಬದಲಾಯಿಸಿದ್ದೀನಿ. ಒಂದ್ ದಿನಾನೂ ತಪ್ಪಿಸಿಲ್ಲ. ಏ, ಯಾಕೇ ಸುಳ್ಳು ಹೇಳ್ತೀಯ? ಮಿಸ್, ನೀವೇ ಹೇಳಿ ಮಿಸ್!”

ಚಪ್ಪಾಳೆ ನಿಂತಿತು. ಯಜಮಾನರು ಡಬ್ಬಿಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಏನು ಮೇಡಂ? ಬಿಸಿಲಲ್ಲ ಅಂದ್ರೆ ಮತ್ತೇನು?” ಎಂದರು. ದನಿಯಲ್ಲಿ ನಗು ಇನ್ನೂ ಇತ್ತು, ಕಣ್ಣಲ್ಲಿ ಇರಲಿಲ್ಲ.

ನೀರು ಎನ್ನುವ ಒಂದೇ ಶಬ್ದ ಹೇಳಿದ್ದರೆ ಸಾಕಿತ್ತು. ವಠಾರದವರೆಲ್ಲ ಅಲ್ಲೇ ನಿಂತಿದ್ದರು, ನಾನು ಹಂಬಲಿಸಿ ಕಾದಿದ್ದ ಗಳಿಗೆ ಅದು. ಯಾದಗಿರಿಯ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುತ್ತಿರಲಿಲ್ಲ. ಕಾಯುತ್ತಿದ್ದಳು ಅಷ್ಟೇ, ಖೋಲಿ ಖಾಲಿ ಮಾಡಬೇಕೋ ಬೇಡವೋ ಎಂದು. ಸುಳ್ಳು ಹೇಳಿದ್ದು ಅವಳು ಎಂದು ನಾನೀಗ ಹೇಳಿದರೆ, ಯಾಕೆ ಹೇಳಿದಳು ಎಂಬುದು ಆ ಮನುಷ್ಯನಿಗೆ ಆ ಕ್ಷಣವೇ ತಿಳಿಯುತ್ತಿತ್ತು.

“ಇವಳು ಎರಡು ಮೂರು ದಿನ ಡಬ್ಬಿ ಬದಲಾಯ್ಸೋದು ಮರೆತಿದ್ಲು ಸಾರ್,” ಎಂದೆ. “ಅದಕ್ಕೇ ಹಂಗಾಗಿದೆ. ಮಕ್ಕಳಲ್ವಾ.”

“ಓ, ಅಷ್ಟೇನಾ!” ಎಂದು ಯಜಮಾನರು ಮನಸಾರೆ ನಕ್ಕರು. ಆಟೋದವನ ಮಗಳ ಕೆನ್ನೆ ತಟ್ಟಿ, “ಪರವಾಗಿಲ್ಲಮ್ಮ, ಜಗಳ ಆಡಬಾರ್ದು. ಮುಂದಿನ ಸಲ ಸರಿಯಾಗಿ ಮಾಡು” ಎಂದು ಮುಂದಿನ ಮೇಜಿಗೆ ಹೋದರು. ಅವಳು ಮತ್ತೆ ಬಾಯಿ ತೆರೆಯಲಿಲ್ಲ. ನಮ್ಮ ಮೇಜಿಗೆ ಮೊದಲ ಬಹುಮಾನ ಬಂತು. ಬಹುಮಾನ ತೆಗೆದುಕೊಳ್ಳಲು ಇಬ್ಬರನ್ನೂ ವೇದಿಕೆಗೆ ಕರೆದರು, ಇಬ್ಬರೂ ಬಹುಮಾನದ ಸ್ಟೀಲ್ ತಟ್ಟೆಯ ಎರಡು ಅಂಚು ಹಿಡಿದು ಬೇರೆ ಬೇರೆ ದಿಕ್ಕು ನೋಡುತ್ತ ನಿಂತರು.

ಅಪ್ಪನ ಕೆಲಸ ಉಳಿಯಿತು. ಬೇಸಿಗೆ ರಜೆಯಲ್ಲಿ ಟಾಯ್ಲೆಟ್ ಬಂತು, ಚೆನ್ನಾಗೇ ಬಂತು, ನಾವು ತೋಟ ಮಾಡಿದ್ದ ಜಾಗದಲ್ಲೇ. ಮತ್ತೆ ಅಂಥ ಸಂದರ್ಭ ಬಂದರೆ ಏನು ಹೇಳುತ್ತೀಯ ಎಂದು ನನ್ನ ಗೆಳತಿ ಕೇಳಿದ್ದಳು. ಅದನ್ನೇ ಹೇಳುತ್ತೇನೆ ಎಂದೆ. ಹಾಗೆ ಹೇಳಬೇಕಾಗಿ ಬಂದಿದ್ದಕ್ಕೆ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಬೆಂಕಿ ಇದೆ, ಆ ಬೆಂಕಿಯನ್ನು ಯಾರ ಮೇಲೆ ಸುರಿಯಲಿ ಎಂಬುದು ಮಾತ್ರ ತಿಳಿದಿಲ್ಲ.

ಪ್ರದರ್ಶನ ಮುಗಿದ ಮೇಲಿನ ಸೋಮವಾರ ಆಟೋದವನ ಮಗಳು ಸ್ಟಾಫ್ ರೂಮಿಗೆ ಬಂದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡೆ. ಬೈದರೆ ಬೈಸಿಕೊಳ್ಳೋಣ, ಕಾರಣವನ್ನೆಲ್ಲ ಹೇಳಿಬಿಡೋಣ ಎಂದು ಕುರ್ಚಿ ತೋರಿಸಿದೆ. ಅವಳು ಕೂರಲಿಲ್ಲ.

“ಮಿಸ್, ನಾನು ಯಾವತ್ತು ಮರೆತಿದ್ದು?” ಎಂದಳು. “ಎರಡು ದಿನದಿಂದ ಯೋಚ್ನೆ ಮಾಡ್ತಿದ್ದೀನಿ. ನೆನಪಾಗ್ತಾನೇ ಇಲ್ಲ.”

ತೋರಿಸಿದ್ದ ಕುರ್ಚಿಯನ್ನು ನಾನು ಮೇಜಿನ ಕಡೆಗೆ ಸರಿಸಿಟ್ಟೆ.

“ಪರ್ವಾಗಿಲ್ಲ ಮಿಸ್,” ಎಂದಳು ಅವಳೇ. “ನೀವು ಹೇಳಿದ್ರೆ ಮರೆತೇ ಇರ್ತೀನಿ.”